ರಾಜನ ಮುಖವಿಲ್ಲದ ದುಡ್ಡು

ಕೃಷ್ಣೆಯ ಸೇತುವೆ

ನನ್ನ ಆಯುಷ್ಯದ ಬಹುಭಾಗ ಗೋಕಾಕದ ಹೆಣ್ಣುಮಕ್ಕಳ ಸಾಲೆಯಲ್ಲಿ ಕಳೆಯಿತು. ಗಂಟೆ ಬಾರಿಸುವ ಮೊದಲು ಬಂದ ಹುಡುಗಿ ಒಳಗೆ, ಬಾರಿಸಿದ ಮೇಲೆ ಬಂದವಳು ಹೊರಗೆ. ಲೋಕವೂ ಹೀಗೆಯೇ ನಡೆಯುತ್ತದೆ, ನಡೆಯಬೇಕು ಎಂದು ತಿಳಿದಿದ್ದೆ. ಅಂಥವಳು ಸಂಜೆಯೇ ಮುಗಿಯದ ಒಂದು ಊರಿಗೆ ಹೋಗಿ ಬಂದೆ, ಅಲ್ಲಿಯ ದುಡ್ಡಿನ ಮೇಲೆ ರಾಜನ ಬದಲು ಕೋಳಿಯೂ ಮೀನೂ ಇದ್ದವು ಎಂದರೆ ನನ್ನ ಹಳೆಯ ವಿದ್ಯಾರ್ಥಿನಿಯರು ಬಾಯಿಗೆ ಸೆರಗು ಹಿಡಿದು ನಗುತ್ತಾರೆ. ನಗಲಿ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಹೊರಟದ್ದು ನನ್ನ ತಮ್ಮ ಮಲ್ಲಪ್ಪನ ಸಲುವಾಗಿ. ನಾವಿಬ್ಬರೂ ಹುಟ್ಟಿದ್ದು ಹುಕ್ಕೇರಿಯಲ್ಲಿ. ಈಗ ಅವನಿಗೆ ಮೂಡಲಗಿಯಲ್ಲಿ ಕಬ್ಬಿನ ಹೊಲ, ಬೆಲ್ಲದ ವ್ಯಾಪಾರ. ಹರೆಯದಲ್ಲಿ ಅವನು ಧುಪದಾಳದ ಒಡ್ಡಿನ ಮೇಲೆ ಮೇಸ್ತ್ರಿಯಾಗಿದ್ದ. ಅಲ್ಲಿಯ ಕಾಲುವೆಗಳ ಇಂಜಿನಿಯರು ಫ್ಲಿನ್ ಎಂಬ ಐರ್ಲೆಂಡಿನ ಸಾಹೇಬರು. ಸಾಹೇಬರು ಇವನಿಗೆ ನೀರಿನ ಮಟ್ಟ ನೋಡುವುದನ್ನು ಕಲಿಸಿದರು. ಇವನು ಸಾಹೇಬರಿಗೆ ಕನ್ನಡ ಕಲಿಸಿದ. ಇಬ್ಬರೂ ಒಡ್ಡಿನ ಕಲ್ಲಿನ ಮೇಲೆ ಕೂತು ಒಂದೇ ಗಂಟಿನ ರೊಟ್ಟಿ ತಿನ್ನುತ್ತಿದ್ದರಂತೆ. ಆಮೇಲೆ ಸಾಹೇಬರಿಗೆ ತಮ್ಮ ದೇಶದಿಂದ ತುರ್ತಿನ ಕರೆ ಬಂದು ಅವಸರದಲ್ಲಿ ಹೊರಟುಹೋದರು. ಮೂವತ್ತು ವರ್ಷ ಸುದ್ದಿಯಿರಲಿಲ್ಲ.

ಈಚೆಗೆ ಅವರ ಮಗಳು ನೋರಾ ಧುಪದಾಳದ ಕಾಲುವೆ ಕಚೇರಿಗೆ ಕಾಗದ ಬರೆದಳು; ಅದು ಕೈಯಿಂದ ಕೈಗೆ ದಾಟಿ ನಮ್ಮ ಹತ್ತಿರ ಬಂತು. ಅಪ್ಪನ ನೆನಪು ಸೋರಿಹೋಗುತ್ತಿದೆ. ಆದರೆ ದಿನವೂ ಬಾಗಿಲಿನ ಕಡೆ ನೋಡಿ, 'ಮಲ್ಲ್ಯಾ ಬಂದನೇ' ಎಂದು ಕೇಳುತ್ತಾರೆ. ಈ ಮಲ್ಲ್ಯಾ ಯಾರು? ಇನ್ನೂ ಇದ್ದಾರೆಯೇ?

ನಾನು ಓದಿ ಹೇಳುವಾಗ ಮಲ್ಲಪ್ಪ ಗಾಣದ ಮನೆಯ ಕಂಬಕ್ಕೆ ಒರಗಿ ನಿಂತಿದ್ದ.

"ಅಕ್ಕಾ, ನನಗ ಮಲ್ಲ್ಯಾ ಅನ್ನಾವ್ರು ಈಗ ಯಾರೂ ಉಳಿದಿಲ್ಲ ನೋಡು. ಅವ್ವ ಹೋದ್ಲು, ಅಪ್ಪ ಹೋದ. ನೀನೂ ಮಲ್ಲಪ್ಪ ಅಂತೀದಿ. ಹೋಗೂಣು."

"ಸಮುದ್ರ ದಾಟಿ? ಮಲ್ಲ್ಯಾ ಅನಿಸ್ಕೊಳ್ಳಾಕ?"

"ಹ್ಞೂ. ನಿನಗ ಇಂಗ್ಲೀಷ ಬರತೈತಿ. ಬಾ."

ಅವನ ಹೆಂಡತಿ ಪಾರ್ವತೆವ್ವ ಒಳಗಿನಿಂದಲೇ, "ಹೋಗಿ ಬರ್ರಿ ಅಕ್ಕಾರ. ಕಾಗದ ಬಂದಾಗಿಂದ ಊಟ ನೆಟ್ಟಗ ಮಾಡವಲ್ಲರು," ಎಂದಳು. ಹೀಗೆ ತೀರ್ಮಾನವಾಯಿತು.

ಕುಡಚಿಯ ಹತ್ತಿರ ರೈಲು ಕೃಷ್ಣೆಯ ಸೇತುವೆ ಏರಿದಾಗ ಡಬ್ಬಿಯಲ್ಲಿದ್ದವರೆಲ್ಲ ಕಿಟಕಿಯಿಂದ ಕಾಸು ಎಸೆದು ಕೈಮುಗಿದರು. ಮಲ್ಲಪ್ಪನೂ ಎಸೆದ. ಬಾದಶಹನ ತಲೆ ಬಿಸಿಲಿನಲ್ಲಿ ಒಮ್ಮೆ ಮಿಂಚಿ ಕೆಳಗೆ ಹೋಯಿತು. ಆ ನದಿಯ ತಳದಲ್ಲಿ ಎಷ್ಟು ರಾಜರು, ಎಷ್ಟು ರಾಣಿಯರು ಮಲಗಿರಬೇಕು ಎಂದು ಯೋಚಿಸುತ್ತ ನಾನು ಮಿರಜದವರೆಗೂ ಕಣ್ಣು ಮುಚ್ಚಿ ಕೂತಿದ್ದೆ.

ಲಿವರ್‌ಪೂಲ್

ಹಡಗಿನ ದಿನಗಳ ಬಗ್ಗೆ ಹೆಚ್ಚು ಬರೆಯುವಂಥದಿಲ್ಲ. ಸಮುದ್ರಕ್ಕೆ ವೇಳಾಪತ್ರಿಕೆ ಇಲ್ಲ. ನಾನು ಬೆಳಿಗ್ಗೆ ಎದ್ದು, ಮಿಂದು, ಲಿಂಗಪೂಜೆ ಮುಗಿಸಿ, ಕೈಗಡಿಯಾರಕ್ಕೆ ಕೀಲಿ ಕೊಡುತ್ತಿದ್ದೆ. ಹಡಗಿನವರು ಆಗಾಗ ಅದರ ಮುಳ್ಳನ್ನು ಹಿಂದಕ್ಕೆ ತಿರುಗಿಸಲು ಹೇಳುತ್ತಿದ್ದರು. ಕಳೆದ ಹೊತ್ತನ್ನು ಮತ್ತೆ ಕೊಡುವವರು ಅವರೊಬ್ಬರೇ ಇರಬೇಕು.

ಲಿವರ್‌ಪೂಲಿನಲ್ಲಿ ಇಳಿದಾಗ ಸುಂಕದವನು ನಮ್ಮ ಡಬ್ಬಿ ತೆರೆದು, ರೊಟ್ಟಿಗೆ ಹಚ್ಚಿಕೊಳ್ಳುವ ಗುರೆಳ್ಳಿನ ಹಿಂಡಿಯನ್ನು ಕಂಡು ಮುಖ ಗಂಭೀರ ಮಾಡಿದ. ಕಪ್ಪು ಪುಡಿ, ಅದೂ ಐರ್ಲೆಂಡಿಗೆ ಹೋಗುವವರ ಹತ್ತಿರ! ಬಂದೂಕಿನ ಮದ್ದಿನ ಪುಡಿ ಎಂದೇ ತಿಳಿದ. ಮಲ್ಲಪ್ಪ ಚಿಟಿಕೆ ತೆಗೆದು ತನ್ನ ಬಾಯಿಗೆ ಹಾಕಿಕೊಂಡು, ಅವನಿಗೂ ಚಿಟಿಕೆ ಕೊಟ್ಟ. ಅವನು ತಿಂದ, ಕೆಮ್ಮಿದ, ಕಣ್ಣೀರು ಒರೆಸಿಕೊಂಡು ಡಬ್ಬಿ ಮುಚ್ಚಿದ.

"ಖರೆ ಮದ್ದಿನ ಪುಡೀನ ಅಂತ ಬರಕೊಂಡಾನ ನೋಡ ಅಕ್ಕಾ," ಎಂದ ಮಲ್ಲಪ್ಪ.

ಡಬ್ಲಿನ್, ಮೊದಲ ಬೆಳಗು

ಇನ್ನೊಂದು ಸಣ್ಣ ಹಡಗು ಮಂಜಿನೊಳಗೆ ಹೊಕ್ಕು, ಮಂಜಿನೊಳಗಿಂದಲೇ ಒಂದು ಊರನ್ನು ಹೊರಗೆ ತೆಗೆಯಿತು. ಮೊದಲು ಚರ್ಚುಗಳ ತುದಿ, ಆಮೇಲೆ ಹೊಗೆಗೂಡುಗಳು, ಕೊನೆಗೆ ನದಿ. ಹುಕ್ಕೇರಿಯ ಗುಮ್ಮಟಗಳು ಮಾಗಿಯ ಬೆಳಗಿನಲ್ಲಿ ಹೀಗೆಯೇ ನೆಲ ಬಿಟ್ಟು ತೇಲುತ್ತವೆ.

ಟ್ರಾಮಿನಲ್ಲಿ ಕೂತೆವು. ಎದುರಿನ ಹೆಂಗಸರು ಚರ್ಚು ದಾಟಿದಾಗಲೆಲ್ಲ ಹಣೆ, ಎದೆ, ಭುಜ ಮುಟ್ಟಿಕೊಂಡು ಮತ್ತೆ ಮಾತಿಗೆ ಹತ್ತುತ್ತಿದ್ದರು. ಮಾತು ಒಂದು ಎಳೆಯೂ ಹರಿಯುತ್ತಿರಲಿಲ್ಲ. ನಮ್ಮೂರಲ್ಲಿ ಗುಡಿ ದಾಟುವಾಗ ಗಲ್ಲ ಮುಟ್ಟಿಕೊಂಡು ಬದನೆಕಾಯಿಯ ದರ ಮುಂದುವರಿಸುವವರ ನೆನಪಾಯಿತು.

ಟಿಕೀಟಿನವನು ಚಿಲ್ಲರೆ ಕೊಟ್ಟ. ಮಲ್ಲಪ್ಪ ಅಂಗೈಯನ್ನು ಕಣ್ಣಿನ ಹತ್ತಿರ ತಂದುಕೊಂಡ.

"ಅಕ್ಕಾ, ರಾಜಾ ಎಲ್ಲಿ ಹೋದ?"

ನಾನೂ ಬಗ್ಗಿ ನೋಡಿದೆ. ಒಂದು ಬದಿಗೆ ತಂತಿವಾದ್ಯ. ಇನ್ನೊಂದು ಬದಿಗೆ, ದೊಡ್ಡ ತಾಮ್ರದ ಪೆನ್ನಿಯ ಮೇಲೆ ಹೇಂಟೆ ಕೋಳಿ, ಅದರ ಕಾಲಬುಡದಲ್ಲಿ ಮರಿಗಳು. ಅರ್ಧ ಪೆನ್ನಿಯ ಮೇಲೆ ಹೆಣ್ಣು ಹಂದಿ, ಮರಿಗಳ ಸಹಿತ. ಇನ್ನೊಂದರ ಮೇಲೆ ಮೊಲ. ಬೆಳ್ಳಿಯ ಶಿಲ್ಲಿಂಗಿನ ಮೇಲೆ, ತಲೆ ತಗ್ಗಿಸಿ ಹಾಯಲು ನಿಂತ ಒಂದು ಹೋರಿ.

ಪಕ್ಕದ ಮುದುಕಿ ನಮ್ಮ ಮುಖ ನೋಡಿ ನಕ್ಕಳು. ಇವು ತಮ್ಮ ಸ್ವಂತ ದೇಶದ ನಾಣ್ಯ. ಮೊನ್ನೆ ಮೊನ್ನೆ ಬಂದವು. ಇಂಗ್ಲೆಂಡಿನ ದುಡ್ಡೂ ಅವುಗಳ ಜೊತೆ ನಡೆಯುತ್ತದೆ ಎಂದು ಹೇಳಿದಳು. ಮಲ್ಲಪ್ಪನಿಗೆ ಕನ್ನಡದಲ್ಲಿ ತಿಳಿಸಿದೆ. ರಾಜನಿಲ್ಲದೆ ದುಡ್ಡು ನಡೆಯುತ್ತದೆ ಎಂಬುದು ಅವನ ತಲೆಗೆ ಇಳಿಯಲು ಎರಡು ಚರ್ಚುಗಳಷ್ಟು ದಾರಿ ಬೇಕಾಯಿತು.

"ಹಂದಿ ಯಾಕ ಹಾಕ್ಯಾರ?" ಎಂದ ಕೊನೆಗೆ. "ನಮ್ಮ ರೂಪಾಯಿದಾಗ ಹಂದಿ ಐತಿ ಅಂತ ಎಷ್ಟ ಗದ್ದಲಾಗಿತ್ತು!"

ಅದು ಖರೆ. ಐದನೆಯ ಜಾರ್ಜ್ ಬಾದಶಹನ ಮೊದಲ ರೂಪಾಯಿಗಳಲ್ಲಿ, ಅವನ ನಿಲುವಂಗಿಯ ಮೇಲೆ ಕೊರೆದ ಆನೆಯ ಸೊಂಡಿಲು ಗಿಡ್ಡವಾಗಿ, ಜನ ಅದನ್ನು ಹಂದಿ ಎಂದರು. ಸರಕಾರ ಆ ಅಚ್ಚನ್ನೇ ತಿದ್ದಬೇಕಾಯಿತು. ಇಲ್ಲಿಯವರು ತಾವಾಗಿ ಹಂದಿ ಕೊರೆಸಿ ಕಿಸೆಯಲ್ಲಿ ಇಟ್ಟುಕೊಂಡಿದ್ದಾರೆ.

"ನಮ್ಮ ಹಿರ್ಯಾರು ಚಿನ್ನದ ನಾಣ್ಯಕ್ಕ ವರಹ ಅಂತಿದ್ದಿಲ್ಲೇನು? ವರಹ ಅಂದ್ರ ಮತ್ತೇನು?" ಎಂದೆ.

"ಅದು ದೇವರ ಹಂದಿ. ಇದು ಓಣಿ ಹಂದಿ," ಎಂದು ಮಲ್ಲಪ್ಪ ಅದನ್ನು ಎರಡು ಬೆರಳಲ್ಲಿ ಹಿಡಿದು ಕಿಸೆಯ ಮೂಲೆಗೆ ಹಾಕಿದ. ಹೋರಿಯನ್ನು ಮಾತ್ರ ಕಣ್ಣಿಗೊತ್ತಿಕೊಂಡು ಒಳಗಿನ ಕಿಸೆಯಲ್ಲಿ ಇಟ್ಟ.

ಸಾಹೇಬರ ಮನೆ

ಸಾಹೇಬರು ಕಿಟಕಿಯ ಹತ್ತಿರ ಕುರ್ಚಿಯಲ್ಲಿ, ಮೊಣಕಾಲ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಕೆಂಪು ಗಡ್ಡ ಬೆಳ್ಳಗಾಗಿತ್ತು. ಮಲ್ಲಪ್ಪ ರುಮಾಲು ಸರಿಪಡಿಸಿಕೊಂಡು ಮುಂದೆ ಹೋದ.

"ಸಾಹೇಬ್ರ, ನಾನ್ರಿ. ಮಲ್ಲ್ಯಾ ಬಂದೇನ್ರಿ."

ಸಾಹೇಬರು ಅವನ ಬಿಳಿ ಮೀಸೆಯನ್ನು ನೋಡಿದರು. ಎದ್ದು ನಿಂತು, ಬಹಳ ಮರ್ಯಾದೆಯಿಂದ ಕೈ ಕುಲುಕಿ, ಇಂಗ್ಲಿಷಿನಲ್ಲಿ ಕೂಡಲು ಹೇಳಿದರು. ಆಮೇಲೆ ಮಗಳ ಕಡೆ ತಿರುಗಿ, "ಮಲ್ಲ್ಯಾ ಬಂದನೇ?" ಎಂದು ಕೇಳಿದರು.

ಅವರು ಕಾಯುತ್ತಿದ್ದದ್ದು ಒಡ್ಡಿನ ಮೇಲೆ ಬರಿಗಾಲಲ್ಲಿ ಓಡುವ ಹುಡುಗನನ್ನು. ಬಾಗಿಲಿನಿಂದ ಬಂದವನು ಯಾವನೋ ಮುದುಕ. ನೋರಾ ಕಣ್ಣು ತಗ್ಗಿಸಿದಳು. ಮಲ್ಲಪ್ಪ ನನ್ನ ಕಡೆ ನೋಡದೆ, "ದಣದಾರ. ನಾಳೆ ಗುರ್ತ ಹತ್ತತೈತಿ," ಎಂದ.

ಆ ನಾಳೆ ಹತ್ತಲಿಲ್ಲ. ಅದರ ನಾಳೆಯೂ ಇಲ್ಲ.

ಮುಗಿಯದ ಸಂಜೆ

ಬೇಸಿಗೆಯಲ್ಲಿ ಆ ದೇಶದ ಸೂರ್ಯನಿಗೆ ಮನೆಗೆ ಹೋಗುವ ಮನಸ್ಸೇ ಇರುವುದಿಲ್ಲ. ದೀಪ ಹಚ್ಚಿದ ಮೇಲೆ ಉಣ್ಣುವುದು ನನ್ನ ನೇಮ. ಮೊದಲ ದಿನ ದೀಪದ ಹೊತ್ತಿಗಾಗಿ ಕಾಯುತ್ತ ಕೂತೆ. ಬೆಳಕು ಹಾಲಿನಂತೆ ಆಯಿತು, ಆಮೇಲೆ ನೀರು ಬೆರೆಸಿದ ಹಾಲಿನಂತೆ ಆಯಿತು, ಅಲ್ಲಿಗೇ ನಿಂತಿತು. ಹಿತ್ತಲಿನ ಸೇಬಿನ ಮರ ನೆರಳಿಲ್ಲದೆ ನಿಂತಿತ್ತು. ಹಕ್ಕಿಗಳಿಗೂ ಮಲಗುವ ಹೊತ್ತು ಯಾವುದೆಂದು ತಿಳಿಯದೆ ಒಂದೊಂದೇ ಮಾತಾಡುತ್ತಿದ್ದವು. ಕೈಗಡಿಯಾರ ಒಂದು ಹೇಳಿತು, ಆಕಾಶ ಇನ್ನೊಂದು ಹೇಳಿತು. ನಾನು ಆಯುಷ್ಯದಲ್ಲಿ ಮೊದಲ ಸಲ ಗಡಿಯಾರವನ್ನು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟೆ.

ಇಂಥ ಸಂಜೆಗಳಲ್ಲಿ ಸಾಹೇಬರ ಕುರ್ಚಿಯನ್ನು ಹಿತ್ತಲಿಗೆ ತರುತ್ತಿದ್ದರು. ಮಲ್ಲಪ್ಪ ಪಕ್ಕದಲ್ಲಿ ಕೂಡುತ್ತಿದ್ದ. ಇಬ್ಬರೂ ಬೇಲಿಯಾಚೆಯ ಸಣ್ಣ ಹಳ್ಳದ ನೀರು ನೋಡುತ್ತಿದ್ದರು. ಧುಪದಾಳದ ಒಡ್ಡಿನ ಮೇಲೆ ನೀರು ಹಾರಿ ಬೀಳುವುದನ್ನು ಇಬ್ಬರೂ ಬೇರೆಬೇರೆಯಾಗಿ ಕೇಳುತ್ತಿದ್ದಾರೇನೋ ಎಂದು ನನಗನಿಸುತ್ತಿತ್ತು.

ಬಟ್ಟಲಿನ ಹೋರಿಗಳು

ಆ ಮನೆಯ ಬಾಗಿಲ ಬಳಿ ಒಂದು ಮೇಜು, ಅದರ ಮೇಲೆ ಚೀನೀ ಬಟ್ಟಲು. ಹಾಲಿನವನಿಗೆ, ರೊಟ್ಟಿಯವನಿಗೆ ಕೊಡಲು ನೋರಾ ಅದರಲ್ಲಿ ಚಿಲ್ಲರೆ ಇಡುತ್ತಿದ್ದಳು. ಒಂದು ದಿನ ನನ್ನನ್ನು ಬದಿಗೆ ಕರೆದು ಸಂಕೋಚದಿಂದ ಹೇಳಿದಳು: "ವಿಚಿತ್ರ ನಡೆಯುತ್ತಿದೆ. ದುಡ್ಡು ಕಡಿಮೆಯಾಗಿಲ್ಲ. ಆದರೆ ನಾನು ಹೋರಿ ಇಟ್ಟರೆ ಬೆಳಗಾಗುವುದರಲ್ಲಿ ಅದು ಹೋಗಿ ಕೋಳಿ, ಹಂದಿಗಳ ಗುಡ್ಡೆ ಬಿದ್ದಿರುತ್ತದೆ. ಬಟ್ಟಲು ತುಂಬಿ ಚೆಲ್ಲುತ್ತಿದೆ."

ನಾನು ನೇರವಾಗಿ ಮಲ್ಲಪ್ಪನ ಕೋಣೆಗೆ ಹೋದೆ. ನೋರಾ ಹಿಂದೆ ಬಂದಳು. ಗೋಡೆಯ ಹಲಗೆಯ ಮೇಲೆ ಒಗೆದ ಬಿಳಿ ವಸ್ತ್ರ. ಅದರ ಮೇಲೆ ಸಾಲಾಗಿ ಶಿಲ್ಲಿಂಗುಗಳು. ಪ್ರತಿಯೊಂದಕ್ಕೂ ವಿಭೂತಿಯ ಗೆರೆ, ಮುಂದೆ ನೋರಾಳ ಹಿತ್ತಲಿನದೇ ಹೂವು.

"ಏನಿದು ಮಲ್ಲಪ್ಪಾ?"

"ಬಸವಣ್ಣನ ಹಾಲಿನಾವನ ಕೈಯಾಗ ಹೆಂಗ ಕೊಡೂದ ಅಕ್ಕಾ? ಅವ ಎಲ್ಲೆಲ್ಲಿ ತಿರಗಸ್ತಾನೋ! ಸೆರೆ ಅಂಗಡಿಗೂ ಒಯ್ಯತಾನ, ಕಟುಕರ ಅಂಗಡಿಗೂ ಒಯ್ಯತಾನ. ನಾ ಕದ್ದಿಲ್ಲ ಮತ್ತ. ಬದಲಾಸೇನಿ."

"ಬ್ಯಾಂಕಿನಾಗ ಇನ್ನೂ ರಾಶಿ ಅದಾವ. ಊರ ಬಸವಣ್ಣಗೋಳನೆಲ್ಲ ನೀನ ಕಾಯಾಂವೇನು?"

"ನನ್ನ ಕೈಯಾಗ ಬಂದಾವ್ನರ ಕಾಯ್ಬೇಕಲ್ಲ."

ನೋರಾಳಿಗೆ ವಿವರಿಸಿದೆ. ಅವಳು ನಗಲಿಲ್ಲ. ಆಮೇಲೆ ಒಂದು ಶಿಲ್ಲಿಂಗನ್ನು ಕೇಳಿ ತೆಗೆದುಕೊಂಡು, ನಮ್ಮನ್ನೂ ಕರೆದುಕೊಂಡು ಹೋಗಿ, ಹಿತ್ತಲಿನಲ್ಲಿ ಕೂತ ತಂದೆಯ ಅಂಗೈಯಲ್ಲಿಟ್ಟಳು. "ಅಪ್ಪಾ, ನಮ್ಮ ಅತಿಥಿಗಳು ನಿಮ್ಮ ಹೋರಿಯನ್ನು ಪೂಜೆ ಮಾಡುತ್ತಿದ್ದಾರೆ."

ಸಾಹೇಬರು ನಾಣ್ಯವನ್ನು ಬೆಳಕಿಗೆ ತಿರುಗಿಸಿದರು. ವಿಭೂತಿಯನ್ನು ಹೆಬ್ಬೆರಳಿನಿಂದ ಮುಟ್ಟಿದರು, ಮೂಸಿದರು. ಆಮೇಲೆ ತೀರ ಸಹಜವಾಗಿ, ನಿನ್ನೆ ಬಿಟ್ಟ ಮಾತು ಮುಂದುವರಿಸುವವರ ಹಾಗೆ ಅಂದರು:

"ಡುಬ್ಬಾ ಎಲ್ಲೈತ್ರಿ ಇದಕ್ಕ?"

ಅವರ ಪಕ್ಕ ಕೂತಿದ್ದ ಮಲ್ಲಪ್ಪ ಎದ್ದೇ ನಿಂತ. ನಮ್ಮ ಎತ್ತುಗಳ ಹೆಗಲ ಮೇಲಿರುವ ಡುಬ್ಬ ಆ ಹೋರಿಗೆ ಇರಲೇ ಇಲ್ಲ.

"ಡುಬ್ಬಾ ಇಲ್ಲಂದ್ರೂ ಹೋರಿ ಹೋರೀನ ಅಲ್ಲೇನ್ರಿ, ಸಾಹೇಬ್ರ."

"ನೊಗಾ ಎಲ್ಲಿ ಇಡ್ತೀರಿ? ತಲೀ ಮ್ಯಾಲೆ?"

"ನಿಮ್ಮ ದೇಶದಾಗ ಹೋರಿ ದುಡಿಯೂದಿಲ್ಲಂತ, ರೊಕ್ಕದ ಮ್ಯಾಲೆ ಕುಂಡ್ರತೈತಿ."

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಆ ಹೋರಿಯ ಕಥೆ ಹೇಳಿದರು; ಮರೆತಲ್ಲಿ ನೋರಾ ಎತ್ತಿಕೊಡುತ್ತಿದ್ದಳು. ತಮ್ಮ ರಾಜ್ಯ ತಮ್ಮ ಕೈಗೆ ಬಂದ ಮೇಲೆ ನಾಣ್ಯಕ್ಕೆ ಯಾರ ಮುಖ ಹಾಕಬೇಕೆಂಬ ಪ್ರಶ್ನೆ ಎದ್ದಿತಂತೆ. ಕವಿಯೊಬ್ಬರ ಮುಂದಾಳುತನದಲ್ಲಿ ಒಂದು ಮಂಡಳಿ ಕೂತಿತು. ರಾಜ ಬೇಡ, ಹೊಸ ಪುಢಾರಿಯೂ ಬೇಡ, ಹೊಲ, ಹೊಳೆ, ಹಿತ್ತಲುಗಳಲ್ಲಿ ಓಡಾಡುವ ಪ್ರಾಣಿಗಳೇ ಇರಲಿ ಎಂದರು. ದೇಶದೇಶದ ಶಿಲ್ಪಿಗಳು ಸುಣ್ಣದ ಅಚ್ಚು ಕಳಿಸಿದರು. ಯಾವುದು ಯಾರದೆಂದು ತಿಳಿಯದೆ ಆರಿಸಿದರೆ, ಆರಿಸಿದ್ದೆಲ್ಲ ಇಂಗ್ಲೆಂಡಿನವನ ಕೈಕೆಲಸ! ಶಿಲುಬೆಯಿಲ್ಲದ ದುಡ್ಡು ದೇವರಿಲ್ಲದ ದುಡ್ಡು ಎಂದು ಕೆಲವರು ಬೈದರು. ಕೊನೆಗೆ ಬೇಸಾಯ ಖಾತೆಯವರು ಬಂದು, ಈ ಹಂದಿಗೆ ಸಂತೆಯಲ್ಲಿ ಬೆಲೆ ಬರುವುದಿಲ್ಲ, ಈ ಹೋರಿಯ ಮೈಕಟ್ಟು ನಮ್ಮ ತಳಿಯದಲ್ಲ ಎಂದು ತಿದ್ದಿಸಿದರು.

"ಮದಲಿನ ಹೋರಿ ಛಲೋ ಇತ್ತಂತ್ರಿ," ಎಂದರು ಸಾಹೇಬರು. "ಬೆಂಕಿ ಇದ್ದಂಗಿತ್ತಂತ. ಖಾತೇದಾವ್ರು ಕೈ ಹಚ್ಚಿದ್ರ ಎಲ್ಲಾ ತಣ್ಣಗ."

"ಎಲ್ಲಾ ದೇಶದಾಗೂ ಖಾತೇದಾವ್ರು ಒಂದ ನಮೂನಿ ಬಿಡ್ರಿ," ಎಂದ ಮಲ್ಲಪ್ಪ. ಅವನ ಮುಖ ಅರಳಿತ್ತು. ಕುರ್ಚಿಯ ಹತ್ತಿರ ಬಗ್ಗಿ ಕೇಳಿದ: "ಈಗರ ನನ್ನ ಗುರ್ತ ಹತ್ತಿತೇನ್ರಿ?"

ಸಾಹೇಬರು ಅವನನ್ನು ಪ್ರೀತಿಯಿಂದ ನೋಡಿದರು. "ನಿಮ್ಮ ಮಾತ ಕೇಳಿ ಭಾಳ ಸಂತೋಷ ಆತ್ರಿ, ಹಿರ್ಯಾರ. ನಮ್ಮ ಮಲ್ಲ್ಯಾನೂ ಹಿಂಗ ಮಾತಾಡ್ತಾನ. ಇಷ್ಟೊತ್ತಿಗೆ ಬರಬೇಕಾಗಿತ್ತು."

ನಮ್ಮ ಕಡೆ 'ರಿ' ಎಂಬುದು ಮರ್ಯಾದೆ. ಅದು ಒಬ್ಬ ಮನುಷ್ಯನನ್ನು ಅಷ್ಟು ದೂರ ತಳ್ಳಬಲ್ಲದು ಎಂದು ನನಗೆ ಆ ಸಂಜೆಯವರೆಗೆ ಗೊತ್ತಿರಲಿಲ್ಲ.

ಲಿಫಿ ನದಿ

ಮರುದಿನ ಮಲ್ಲಪ್ಪ ನದಿ ನೋಡಬೇಕೆಂದ. ಸಣ್ಣ ಮಳೆ ಬರುತ್ತಿತ್ತು. ಅಲ್ಲಿಯ ಮಳೆ ಬೀಳುವುದಿಲ್ಲ, ಸುಮ್ಮನೆ ಗಾಳಿಯಲ್ಲಿ ನಿಂತಿರುತ್ತದೆ; ಜನ ಕೊಡೆ ಬಿಚ್ಚದೆ ಅದರೊಳಗೆ ನಡೆದು ಹೋಗುತ್ತಾರೆ. ಸೇತುವೆಯ ನಡುವೆ ನಿಂತು ಅವನು ಕಿಸೆಯಲ್ಲಿ ಕೈ ಹಾಕಿದ. ಒಂದೊಂದೇ ನಾಣ್ಯ ತೆಗೆದು ನೋಡಿದ. ಹೊಳೆಗೆ ಹಂದಿ ಕೊಡಲು ಬರುವುದಿಲ್ಲ. ಬಸವಣ್ಣನನ್ನು ಮುಳುಗ ಹಾಕಲು ಬರುವುದಿಲ್ಲ. ಮೊಲಕ್ಕೆ ಈಜು ಬರುವುದಿಲ್ಲ. ಕೊನೆಗೆ ದೊಡ್ಡ ಬೆಳ್ಳಿಯ ನಾಣ್ಯ ಸಿಕ್ಕಿತು. ಅದರ ಮೇಲೆ ಮೀನು.

"ಎರಡ ಶಿಲ್ಲಿಂಗ್ ಅದು. ತುಟ್ಟಿ," ಎಂದೆ.

"ಮೀನಾ ನೀರಾಗ ಇರಬೇಕವಾ," ಎಂದು ಬಿಟ್ಟೇಬಿಟ್ಟ. ಬೂದಿಬಣ್ಣದ ನೀರಿನಲ್ಲಿ ಅದು ಓರೆಯಾಗಿ ಜಾರುತ್ತ, ಬಾಲ ಬಡಿದಂತೆ ಒಂದು ಸಲ ಹೊಳೆದು, ಕಾಣೆಯಾಯಿತು. ದಾರಿಹೋಕನೊಬ್ಬ ಟೊಪ್ಪಿಗೆ ತೆಗೆದು ನಮ್ಮ ಪಕ್ಕ ನಿಂತ. ಯಾರೋ ತೀರಿಕೊಂಡವರಿಗಾಗಿ ಮಾಡುತ್ತಿದ್ದೇವೆಂದು ತಿಳಿದನೋ ಏನೋ. ನೀರಿಗೆ ತಲೆಬಾಗಿ ಹೋದ.

"ಅಕ್ಕಾ, ಊರಿಗೆ ಹೋಗೂಣು," ಎಂದ ಮಲ್ಲಪ್ಪ. "ಅವರಿಗೆ ಬೇಕಾದ ಮಲ್ಲ್ಯಾನ್ನ ನಾ ಎಲ್ಲಿಂದ ತರ್ಲಿ?"

ಕೊನೆಯ ಬೆಳಗು

ಪೆಟ್ಟಿಗೆಗಳನ್ನು ಹೊರಗಿಟ್ಟಾಗಿತ್ತು. ಸಾಹೇಬರು ನೋರಾಳ ತೋಳು ಹಿಡಿದು ಬಾಗಿಲಿಗೆ ಬಂದರು. ಇನ್ನೊಂದು ಕೈಯಲ್ಲಿ ಆ ಚೀನೀ ಬಟ್ಟಲು.

"ಹಿರ್ಯಾರ, ನೀವು ಮೂಡಲಗಿ ಕಡ್ಯಾವ್ರಂತ. ಒಂದ ಕೆಲಸ ಆಗಬೇಕಾಗಿತ್ರಿ."

"ಹೇಳ್ರಿ ಸಾಹೇಬ್ರ."

"ನಮ್ಮ ಮಲ್ಲ್ಯಾಗ ಕೂಸ ಹುಟ್ಟೈತಿ. ಹೆಣ್ಣು. ನೋಡಿ ಬಂದೆ. ಮೊದಲ ಸಲ ಕೂಸಿನ ಮಾರಿ ನೋಡಿದ್ರ ಕೈಯಾಗ ರೊಕ್ಕ ಇಡಬೇಕಂತಾರಲ್ರಿ ನಿಮ್ಮ ಕಡೆ? ಗಡಿಬಿಡಿಯಾಗ ಬಂದ್ಬಿಟ್ಟೆ. ಏನೂ ಇಡಲಿಲ್ಲ. ಮಲ್ಲ್ಯಾ ಬರ್ಲಿ, ಕೊಡೂಣು ಅಂತ ದಿನಾ ದಾರಿ ನೋಡಾಕತ್ತೇನಿ."

ಆ ಕೂಸು ಇಲ್ಲ. ಸಾಹೇಬರು ಹೊರಟ ಮೇಲೆ ಅದಕ್ಕೆ ಹೆಸರಿಟ್ಟು ತೊಟ್ಟಿಲಿಗೆ ಹಾಕಿದರು. ಅದೇ ವರ್ಷ ಪ್ಲೇಗು ಬಂತು. ಹೋದ ಕೂಸಿನ ಹೆಸರು ಮನೆಯಲ್ಲಿ ಎತ್ತಬಾರದೆಂದು ನಮ್ಮವ್ವ ಕಟ್ಟುನಿಟ್ಟು ಮಾಡಿದಳು. ಯಾರೂ ಎತ್ತಲಿಲ್ಲ. ಆಮೇಲೆ ಗಂಡುಮಕ್ಕಳಾದರು, ಅವರಿಗೂ ತಿಳಿಸಲಿಲ್ಲ. ನನಗಂತೂ ಮರೆತೇ ಹೋಗಿತ್ತು.

ಸಾಹೇಬರು ಬಟ್ಟಲಿನಲ್ಲಿ ಬೆರಳಾಡಿಸಿದರು. ಇಂಗ್ಲೆಂಡಿನ ನಾಣ್ಯ ಕೈಗೆ ಬಂತು, ಬಿಟ್ಟರು. "ರಾಜಾ ಬ್ಯಾಡ. ಕೂಸ ಅಂಜತೈತಿ." ಕುದುರೆ ಬಂತು, ಬಿಟ್ಟರು. ಹೋರಿಯನ್ನು ನೋಡಿ, "ಇದು ಹಾಯತೈತಿ," ಎಂದರು. ಕೊನೆಗೆ ಪೆನ್ನಿ ಸಿಕ್ಕಿತು. "ಇದ ಛಲೋ ನೋಡ್ರಿ. ತಾಯಿ ಕೋಳಿ, ಮರಿ. ಕೂಸಿನ ಕೈಯಾಗ ಇಡ್ರಿ. ಫ್ಲಿನ್ ಸಾಹೇಬ ಕೊಟ್ಟಾನ ಅನ್ರಿ. ಹೆಸರ ಏನ ಇಟ್ರಂತ ಗೊತ್ತೈತೇನ್ರಿ ನಿಮಗ?"

ಮಲ್ಲಪ್ಪ ಎರಡೂ ಕೈ ಮುಂದೆ ಮಾಡಿ ಪೆನ್ನಿ ತೆಗೆದುಕೊಂಡ.

"ಶಿವಗಂಗಾ ಅಂತ ಇಟ್ಟಾರ್ರಿ."

"ಶಿವಗಂಗಾ," ಎಂದರು ಸಾಹೇಬರು, ನಾಲಿಗೆಯ ಮೇಲೆ ಹೊರಳಿಸಿ ನೋಡುತ್ತ. "ಭಾಳ ಛಂದ ಐತಿ. ಮಲ್ಲ್ಯಾ ಖುಷಿಯಾಗ್ಯಾನೇನ್ರಿ?"

"ಭಾಳ ಖುಷಿಯಾಗ್ಯಾನ್ರಿ," ಎಂದ ನನ್ನ ತಮ್ಮ. "ದಿನಾ ಎತ್ಕೊಂಡ ತಿರಗತಾನ."

ಸಾಹೇಬರಿಗೆ ಸಮಾಧಾನವಾಯಿತು. ನೋರಾಳ ತೋಳು ಹಿಡಿದು ಒಳಗೆ ಹೋದರು. ಆಮೇಲೆ ನೋರಾ ಬರೆದಳು, ಅಂದಿನಿಂದ ಅವರು ಬಾಗಿಲಿನ ಕಡೆ ನೋಡಿ ಯಾರನ್ನೂ ಕೇಳಲಿಲ್ಲವಂತೆ.

ಮೂಡಲಗಿ

ಮನೆ ತುಂಬ ಜನ. ಹಡಗು ಎಷ್ಟು ದೊಡ್ಡದು, ಅಲ್ಲಿಯವರು ಏನು ತಿನ್ನುತ್ತಾರೆ ಎಂದು ಕೇಳುವವರು. ಮಲ್ಲಪ್ಪ ಎಲ್ಲರಿಗೂ ಉತ್ತರ ಹೇಳಿ ಕಳಿಸಿದ. ಬಿಸಿಲು ಇಳಿದು, ನಮ್ಮ ಕಡೆಯ ಹಾಗೆ ಬೇಗನೆ, ಒಮ್ಮೆಗೇ ಕತ್ತಲಾಯಿತು. ಪಾರ್ವತೆವ್ವ ದೀಪ ಹಚ್ಚಿ ಬಂದಳು.

"ಸಾಹೇಬ್ರಿಗೆ ನಿಮ್ಮ ಗುರ್ತ ಹತ್ತಿತೇನ್ರಿ?"

"ಇಲ್ಲ. ಕೂಸಿನ ಗುರ್ತ ಇತ್ತು."

ಅವಳು ಯಾವ ಕೂಸು ಎಂದು ಕೇಳಲಿಲ್ಲ. ಮಲ್ಲಪ್ಪ ಪೆನ್ನಿಯನ್ನು ಅವಳ ಅಂಗೈಯಲ್ಲಿಟ್ಟ. ಅವಳು ದೀಪದ ಹತ್ತಿರ ಹೋಗಿ ಕೋಳಿಯನ್ನು ನೋಡಿದಳು, ಮರಿಗಳನ್ನು ನೋಡಿದಳು.

"ಹೆಸರ ಕೇಳಿದ್ರೇನ್ರಿ?"

"ಕೇಳಿದ್ರು. ಶಿವಗಂಗಾ ಅಂದೆ."

ದೀಪದ ಕಡೆಯೇ ಮುಖ ಮಾಡಿಕೊಂಡು ನಿಂತಿದ್ದಳು. ನನಗೂ ಕೇಳಿಸಬಾರದೆನ್ನುವಷ್ಟು ಸಣ್ಣಗೆ ಹೇಳಿದಳು:

"ಇನ್ನೊಮ್ಮೆ ಅನ್ರಿ."